ಎಣಿಸಿದ ರೊಟ್ಟಿ

“ಅಜ್ಜನವರೇ, ಮನೆಯಲ್ಲಿ ಅಡುಗೆ ಮಾಡಿಕೊಂಡು ಉಣ್ಣುವುದು ಅಗ್ಗವೋ, ದುಡ್ಡು ಕೊಟ್ಟು ಖಾನಾವಳಿಯಲ್ಲಿ ಉಣ್ಣುವುದು ಅಗ್ಗವೋ?”

ಕೇಳಿದವನು ಮುರಿಗೆಪ್ಪ. ಮಠದ ಉಗ್ರಾಣದ ಬೀಗದ ಕೈ ಅವನ ಸೊಂಟಕ್ಕೆ ಬಂದು ಆಗ ಎರಡು ತಿಂಗಳಾಗಿತ್ತು. ಮಠದಲ್ಲಿ ದಿನಾ ಎರಡು ಹೊತ್ತು ಒಲೆ ಉರಿಯುತ್ತಿತ್ತು. ಉಣ್ಣುವವರು ಇಪ್ಪತ್ತು ಮಂದಿ. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಹೋಗಲು ಬೇರೆ ಜಾಗವಿಲ್ಲದ ಮುದುಕರು, ಮುದುಕಿಯರು. ತಲೆಗೆ ಇಷ್ಟು ಎಂದು ಕೊಟ್ಟರೆ ಮಠಕ್ಕೇ ಊಟ ಕಳಿಸುತ್ತೇವೆ ಎಂದು ಊರಿನ ಖಾನಾವಳಿಯವರು ಹೇಳಿಕಳಿಸಿದ್ದರು. ಅಂದಿನಿಂದ ಮುರಿಗೆಪ್ಪನಿಗೆ ಜೋಳದ ಚೀಲ ಕಂಡರೂ ಅದೇ ಯೋಚನೆ, ಕಟ್ಟಿಗೆಯ ಹೊರೆ ಕಂಡರೂ ಅದೇ ಯೋಚನೆ.

“ನಿನಗೇನು ಅನ್ನಿಸುತ್ತದೆ?” ಎಂದರು ಮಠದ ಸ್ವಾಮಿಗಳಾದ ಅಜ್ಜನವರು.

“ಅನ್ನಿಸಿದರೆ ಆಗುವುದಿಲ್ಲ, ಲೆಕ್ಕ ಹಾಕಬೇಕು. ನಾಳೆಯಿಂದ ಎಂಟು ದಿನ ಪಂಕ್ತಿಯಲ್ಲಿ ನಿಂತು, ಯಾರು ಎಷ್ಟು ಉಣ್ಣುತ್ತಾರೆಂದು ಬರೆದುಕೊಳ್ಳುತ್ತೇನೆ. ತಮ್ಮ ಅಪ್ಪಣೆಯಾಗಬೇಕು.”

ಅಜ್ಜನವರು ಅಪ್ಪಣೆ ಕೊಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. “ಕೂತುಕೋ,” ಎಂದರು. “ಹಿಂದೆ ಒಬ್ಬ ವರ್ತಕ ಇದೇ ಲೆಕ್ಕ ಹಾಕಿದ್ದ. ಮೊದಲು ಅವನದು ಕೇಳು, ಆಮೇಲೆ ನಿನ್ನದು ಹಾಕು.” ಮುರಿಗೆಪ್ಪ ಕಂಬಕ್ಕೊರಗಿ ಕೂತ. ಅಜ್ಜನವರು ಕತೆ ಹೇಳತೊಡಗಿದರು.

ಒಂದು ಊರು. ಆ ಊರಿನಲ್ಲಿ ಒಬ್ಬ ಕಿರಾಣಿ ವರ್ತಕ. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನ ಕತೆಯಾದರೆ ನೀನು ಕೇಳಿ, ಎರಡು ಮಾತು ಬೈದು, ಎದ್ದು ಹೋಗಿಬಿಡುತ್ತೀ. ಇವನ ತಕ್ಕಡಿಯಲ್ಲಿ ಮೋಸವಿರಲಿಲ್ಲ. ಗಿರಾಕಿಗೆ ಒಂದು ಕಾಳು ಕಡಿಮೆ ಹಾಕಿದವನಲ್ಲ. ಹೆಚ್ಚು ಹಾಕಿದವನೂ ಅಲ್ಲ ಅನ್ನು. ಅವನಿಗೆ ಎಲೆ ಅಡಿಕೆಯ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ. ಇದ್ದದ್ದು ಒಂದೇ ಚಟ, ಎಣಿಸುವುದು. ಗುಡಿಗೆ ಹೋದರೆ ಮೆಟ್ಟಿಲು ಎಣಿಸುವನು. ಮದುವೆಗೆ ಹೋದರೆ ಉಂಡ ಎಲೆ ಎಣಿಸುವನು. ಹೆಂಡತಿ ಬೈದರೆ, ಇವತ್ತು ಎಷ್ಟು ಸಲ ಬೈದಳೆಂದು ಸಂಜೆ ಅವಳಿಗೇ ಹೇಳಿ ಇನ್ನೊಂದು ಸಲ ಬೈಸಿಕೊಳ್ಳುವನು.

ಅವನ ಮನೆಯಲ್ಲಿ ನಾಲ್ಕು ಜನ. ಅವನು, ಅವನ ಹೆಂಡತಿ, ಅಂಗಡಿಯಲ್ಲಿ ಅಪ್ಪನ ಜೊತೆ ಕೂಡುವ ಬೆಳೆದ ಮಗ, ಮತ್ತು ಅವನ ಅಕ್ಕ ಬಾಳವ್ವ.

ಬಾಳವ್ವ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಮಕ್ಕಳಿರಲಿಲ್ಲ. ಗಂಡನ ಮನೆಯವರು ಎರಡು ಸೀರೆ ಕೊಟ್ಟು ಬಂಡಿ ಹತ್ತಿಸಿ ಕೈತೊಳೆದುಕೊಂಡಿದ್ದರು. ಭೂಮಿಯ ಮೇಲೆ ಅವಳಿಗೆ ಉಳಿದದ್ದು ತಮ್ಮನ ಹೊಸ್ತಿಲು ಒಂದೇ. ಅದು ಅವಳಿಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಯಾರೂ ಒಂದು ದಿನವೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ. ಯಾರೂ ಆಡದೇ ಇದ್ದದ್ದರಿಂದ ಅವಳು ಆ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದಳು. ಅವಳಿಗಿದ್ದ ಆಸ್ತಿ ಅಷ್ಟೇ ಎಂದು ತಿಳಿದುಕೋ. ತಮ್ಮನೂ ಅವಳನ್ನು ಕಡೆಗಣಿಸಿದವನಲ್ಲ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹನ್ನೆರಡು. ಅವನನ್ನು ಕಂಕುಳಲ್ಲಿ ಹೊತ್ತು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತುತ್ತು ಮಾಡಿ ತಿನ್ನಿಸಿ ಬೆಳೆಸಿದವಳು ಅವಳೇ.

ಈಗಲೂ ಆ ಮನೆಯ ರೊಟ್ಟಿ ಅವಳ ಕೈಯದೇ. ಪಲ್ಯ, ಸಾರು ತಮ್ಮನ ಹೆಂಡತಿಯ ಪಾಲು; ರೊಟ್ಟಿ ಮಾತ್ರ ಅಕ್ಕನ ಪಾಲು. ಬಡಿದು, ಬೇಯಿಸಿ, ಬುಟ್ಟಿಯಲ್ಲಿ ಒಂದರ ಮೇಲೊಂದು ಹಾಕಿಡುವಳು. ಗಂಡಸರು ಉಂಡು ಎದ್ದ ಮೇಲೆ ಹೆಂಗಸರಿಬ್ಬರೂ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಮಾತಾಡುತ್ತ ಉಣ್ಣುವರು. ಬಾಳವ್ವ ಎಷ್ಟು ಉಣ್ಣುತ್ತಾಳೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಹಸಿವಾದಷ್ಟು ಉಣ್ಣುವವರಿಗೆ ಅಂಕಿಯ ಗೊಡವೆ ಯಾಕೆ ಹೇಳು.

ಹೀಗಿರುವಾಗ ಪೇಟೆಯಲ್ಲಿ ನಿಂಬವ್ವ ಎಂಬ ಹೆಂಗಸು ಒಂದು ಖಾನಾವಳಿ ತೆರೆದಳು. ಹೊತ್ತಿಗೆ ಇಷ್ಟು ಎಂದು ದರ. ಒಮ್ಮೆ ಪಂಕ್ತಿಯಲ್ಲಿ ಕೂತರೆ ಹೊಟ್ಟೆ ತುಂಬುವ ತನಕ ರೊಟ್ಟಿ. ಒಂದು ತಿಂದರೂ ಅಷ್ಟೇ ದುಡ್ಡು, ಎಂಟು ತಿಂದರೂ ಅಷ್ಟೇ ದುಡ್ಡು. ಹೆಂಡತಿಯನ್ನು ಬಾಣಂತನಕ್ಕೆ ಕಳಿಸಿದ್ದ ದಲಾಲಿ ಒಬ್ಬ ಅಲ್ಲಿ ತಿಂಗಳುಗಟ್ಟಲೆ ಉಂಡು ಬಂದು, ಪೇಟೆಯ ಕಟ್ಟೆಯ ಮೇಲೆ ಕೂತು, ಮನೆ ಊಟಕ್ಕಿಂತ ಖಾನಾವಳಿ ಊಟವೇ ಅಗ್ಗ ಎಂದು ಸಾರಿದ. ಎಣ್ಣೆ ಅಂಗಡಿಯವನು, ನಿನಗೆ ಹುಚ್ಚು ಹಿಡಿದಿದೆ, ಮನೆ ಊಟಕ್ಕೆ ಸಮ ಯಾವುದೂ ಇಲ್ಲ ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಬ್ಬರೂ ಮೂರು ದಿನ ಜಗಳವಾಡಿದರು. ನಾಲ್ಕನೆಯ ದಿನ ನಮ್ಮ ವರ್ತಕನಿಗೆ ತಡೆಯಲಾಗಲಿಲ್ಲ.

“ಸುಮ್ಮ ಬಾಯಿಲೆ ಬಡದಾಡಿದ್ರ ಏನ ಬಂತು? ನನಗ ಎಂಟು ದಿನ ಕೊಡ್ರಿ. ಪೈಸಾಕ್ಕ ಪೈಸಾ ಲೆಕ್ಕಾ ಮಾಡಿ ತೋರಸ್ತೀನಿ,” ಎಂದ.

ಮನೆಯೇ ಅಗ್ಗ ಎಂದು ಅವನ ಪಣ, ಖಾನಾವಳಿ ಎಂದು ದಲಾಲಿಯ ಪಣ. ಸೋತವರು ಕಟ್ಟೆಯವರಿಗೆಲ್ಲ ಮಂಡಕ್ಕಿ, ಮಿರ್ಚಿ ತಿನ್ನಿಸಬೇಕೆಂದು ಮಾತಾಯಿತು.

ಇಲ್ಲಿಯವರೆಗೆ ತಪ್ಪೇನಿದೆ? ಏನೂ ಇಲ್ಲ. ದುಡ್ಡು ದುಡಿಯುವವನು ಲೆಕ್ಕ ನೋಡಬೇಕು, ನೋಡದವನು ಮುಳುಗುತ್ತಾನೆ. ವರ್ತಕ ಮಾರನೆಯ ದಿನವೇ ಮನೆಯ ಜೋಳ ತೂಗಿಸಿದ. ಬೀಸಿದ ಕೂಲಿ ಬರೆದ. ಬೇಳೆ, ಎಣ್ಣೆ, ಖಾರದ ಪುಡಿ, ಉಪ್ಪು, ಒಲೆಗೆ ಹಾಕುವ ಕುಳ್ಳು, ಎಲ್ಲ ಬರೆದ. ಕಡ್ಡಿಪೆಟ್ಟಿಗೆಯಲ್ಲಿ ಎಷ್ಟು ಕಡ್ಡಿ ಇವೆ ಎಂದು ನೋಡಿ, ಒಂದು ಕಡ್ಡಿಯ ಬೆಲೆಯನ್ನೂ ಬರೆದ. ಅವನಿಗೆ ಹಬ್ಬದಷ್ಟು ಖುಷಿ. ಆದರೆ ಒಂದು ಕಡೆ ಲೆಕ್ಕ ನಿಂತುಬಿಟ್ಟಿತು. ಖಾನಾವಳಿಯ ದರ ತಲೆಗೆ ಇಷ್ಟು ಎಂದು. ಮನೆಯ ಖರ್ಚು ಗಡಿಗೆಗೆ ಇಷ್ಟು ಎಂದು. ಎರಡನ್ನೂ ಪಕ್ಕಪಕ್ಕ ಇಡಬೇಕಾದರೆ ಮನೆಯಲ್ಲಿ ಒಂದೊಂದು ತಲೆ ಎಷ್ಟು ಉಣ್ಣುತ್ತದೆ ಎಂದು ತಿಳಿಯಬೇಕಲ್ಲ?

ಅದಕ್ಕೆ ಅವನು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತ.

ಆ ಊರ ಮನೆಗಳಲ್ಲಿ ಒಂದು ರೀತಿ ಇತ್ತು. ಬಡಿಯುವವಳು ರೊಟ್ಟಿ ಎಣಿಸುವುದಿಲ್ಲ, ಬಡಿಸುವವಳು ಎಣಿಸುವುದಿಲ್ಲ. ಎಷ್ಟು ಹಾಕಲಿ ಎಂದು ಕೇಳುವುದೂ ಇಲ್ಲ. ಹಾಕುವುದು, ಸಾಕು ಎಂದು ಕೈ ಅಡ್ಡ ಹಿಡಿದರೆ ನಿಲ್ಲಿಸುವುದು. ಇನ್ನು ಹೆಂಗಸರು ಉಣ್ಣಲು ಕೂತಾಗ ಗಂಡಸರು ಆ ಕಡೆ ಸುಳಿಯುವುದೂ ಇಲ್ಲ. ಇವನು ಸುಳಿದದ್ದಷ್ಟೇ ಅಲ್ಲ, ಮಡಿಲಲ್ಲಿ ಲೆಕ್ಕದ ವಹಿ ಇಟ್ಟುಕೊಂಡು, ಕಿವಿಯ ಮೇಲೆ ಸೀಸದಕಡ್ಡಿ ಸಿಕ್ಕಿಸಿಕೊಂಡು ಕೂತ. ಎಣಿಸುವಾಗ ಅವನ ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು.

ಹೆಂಡತಿಗೆ ಸಿಟ್ಟು ಬಂತು. “ಅಲ್ರೀ, ಉಣ್ಣಾರ ಗಂಗಾಳದಾಗ ಕಣ್ಣ ಹಾಕಬಾರದು ಅಂತಾರ. ಏನಿದು ನಿಮ್ಮ ಅವತಾರ?”

“ನಾ ಎಲ್ಲಿ ಕಣ್ಣ ಹಾಕೀನಿ? ನಾ ಲೆಕ್ಕಾ ಹಾಕಾಕ ಹತ್ತೀನಿ,” ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ.

ಹೆಂಡತಿ ಹಣೆ ಚಚ್ಚಿಕೊಂಡಳು. ಎಂಟು ದಿನ ತಾನೇ, ಹುಚ್ಚು ಬಿಡುತ್ತದೆ ಎಂದು ಬಾಳವ್ವನೇ ಅವಳನ್ನು ಸಮಾಧಾನ ಮಾಡಿದಳು.

ಎರಡು ದಿನ ಲೆಕ್ಕ ಚೆನ್ನಾಗಿ ನಡೆಯಿತು. ಮೂರನೆಯ ದಿನ ಮಧ್ಯಾಹ್ನ ಹೆಂಗಸರು ಉಣ್ಣುತ್ತಿದ್ದಾಗ ವರ್ತಕನಿಗೆ ಹುರುಪು ಬಂದು, ಬರೆದದ್ದನ್ನು ಗಟ್ಟಿಯಾಗಿ ಓದಿದ.

“ಮಗ ಐದು. ನಾ ನಾಕು. ಇಕಿ ಮೂರು. ಅಕ್ಕ ಮೂರು.” ಓದಿ, ತಲೆಯೆತ್ತಿ, ಅಕ್ಕನ ಕಡೆ ನೋಡಿ ಚೇಷ್ಟೆ ಮಾಡಿದ. “ಏನ ಅಕ್ಕಾ, ದುಡಿಯೂ ನನಗಿಂತ ಒಂದ ಕಡಿಮಿ ಅಷ್ಟ ನೋಡು! ಈ ವಯಸ್ಸಿನ್ಯಾಗೂ ಹೊಟ್ಟಿ ಚಲೋ ಐತಿ ಬಿಡು!”

ಎಲ್ಲರೂ ನಕ್ಕರು. ಬಾಳವ್ವನೂ ನಕ್ಕಳು. ಆಗ ಅವಳ ಕೈ ಬುಟ್ಟಿಯ ಕಡೆ ಚಾಚಿತ್ತು. ಅದು ಅಲ್ಲಿಂದ ಹೊರಳಿ ನೀರಿನ ತಂಬಿಗೆಯನ್ನು ಹಿಡಿಯಿತು. ನೀರು ಕುಡಿದು, ಕೈ ತೊಳೆದು, ಎದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ತಮ್ಮ ಹಂಗಿಸಲೆಂದು ಆಡಿದವನಲ್ಲ. ಸಲಿಗೆಯಿಂದ ಆಡಿದ, ಅಕ್ಕ ಎಂಬ ಪ್ರೀತಿಯಿಂದಲೇ ಆಡಿದ. ಆದರೆ ದುಡಿಯುವ ತಮ್ಮನದು ನಾಲ್ಕು, ಹಾಗಾದರೆ ದುಡ್ಡು ತಾರದ ತನಗೂ ಮೂರು ಬೇಕೇ ಎಂದು ಅವಳ ಕಿವಿಗೆ ಬಿತ್ತು. ತಾನು ಇನ್ನೊಬ್ಬರ ಮನೆಯಲ್ಲಿ ಉಣ್ಣುತ್ತಿದ್ದೇನೆ ಎಂದು ಹನ್ನೊಂದು ವರ್ಷದಲ್ಲಿ ಮೊದಲ ಸಲ ಅನ್ನಿಸಿತು. ಅವಳಿಗೆ ಬಹಳ ನಾಚಿಕೆಯಾಯಿತು. ಆ ನಾಚಿಕೆಯನ್ನು ಯಾರ ಮುಂದೆಯೂ ಆಡುವ ಹಾಗಿರಲಿಲ್ಲ.

ಮಾರನೆಯ ದಿನ ಬಾಳವ್ವ ಎರಡು ರೊಟ್ಟಿ ಉಂಡಳು. ವರ್ತಕ ‘ಅಕ್ಕ ಎರಡು’ ಎಂದು ಬರೆದ.

“ಯಾಕ ಅಕ್ಕಾ, ಇವತ್ತ ಎರಡ?”

“ಹಸಿವಿ ಇಲ್ಲಪಾ.”

ಹಸಿವಿಲ್ಲ ಎಂದ ಮೇಲೆ ಮುಂದೆ ಕೇಳುವುದೇನಿದೆ ಎಂದು ಅವನು ವಹಿ ಮುಚ್ಚಿದ. ಆರನೆಯ ದಿನ ಒಂದೂವರೆ ಎಂದು ಬರೆದ. ಎಂಟನೆಯ ದಿನ ಒಂದು ಎಂದು ಬರೆದ. ಹೀಗೆ ಅಂಕಿ ಕೆಳಗಿಳಿದಾಗ ಅವನಿಗೆ ಒಳಗೊಳಗೇ ಒಂದಿಷ್ಟು ಸಂತೋಷವೂ ಆಯಿತು. ತಪ್ಪು ತಿಳಿಯಬೇಡ ಮುರಿಗೆಪ್ಪಾ, ಅಕ್ಕ ಕಡಿಮೆ ಉಂಡಳೆಂಬ ಸಂತೋಷವಲ್ಲ. ಖರ್ಚು ಕಡಿಮೆಯಾಯಿತೆಂಬ ಸಂತೋಷ. ಎರಡೂ ಒಂದೇ ಎಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಅವನು ನೋಡುತ್ತಿದ್ದದ್ದು ವಹಿಯನ್ನು.

ಎಂಟು ದಿನ ಮುಗಿದು ಕೂಡಿಸಿ ನೋಡಿದರೆ ಒಂದು ವಿಚಿತ್ರ. ಮೊದಲ ಮೂರು ದಿನದ ಲೆಕ್ಕದಲ್ಲಿ ಖಾನಾವಳಿ ಅಗ್ಗವಾಗಿತ್ತು. ಕೊನೆಯ ದಿನಗಳ ಲೆಕ್ಕದಲ್ಲಿ ಮನೆ ಅಗ್ಗವಾಗಿತ್ತು. ಎಲ್ಲ ಸೇರಿಸಿದಾಗ ಮನೆಯೇ ಅಗ್ಗ, ಎಳ್ಳುಕಾಳಿನಷ್ಟು. ಆ ಎಳ್ಳುಕಾಳು ಯಾರ ಹೊಟ್ಟೆಯದು ಎಂದು ಅವನು ಕೇಳಿಕೊಳ್ಳಲಿಲ್ಲ. ವಹಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಟ್ಟೆಗೆ ಹೋಗಿ, ಎಲ್ಲರ ಮುಂದೆ ಓದಿದ. ದಲಾಲಿ ಸೋಲೊಪ್ಪಿ ಮಂಡಕ್ಕಿ, ಮಿರ್ಚಿ ತರಿಸಿದ. ನಮ್ಮ ವರ್ತಕ ಗೆದ್ದ ಹೆಮ್ಮೆಯಲ್ಲಿ ಆರು ಮಿರ್ಚಿ ತಿಂದು, ಮೂರು ದಿನ ಹೊಟ್ಟೆ ಹಿಡಿದುಕೊಂಡು ಓಡಾಡಿದ.

ಅಲ್ಲಿಗೆ ಅವನು ಎಣಿಸುವುದನ್ನು ಬಿಟ್ಟ. ಮಣೆ ಗೋಡೆಗೆ ಒರಗಿತು, ವಹಿ ಅಟ್ಟ ಸೇರಿತು. ಆದರೆ ಬಾಳವ್ವ ಬಿಡಲಿಲ್ಲ. ಈಗ ಅವಳು ತನ್ನ ರೊಟ್ಟಿಯನ್ನು ತಾನೇ ಎಣಿಸತೊಡಗಿದ್ದಳು. ಒಂದಕ್ಕೆ ಕೈ ನಿಲ್ಲುತ್ತಿತ್ತು. ತಮ್ಮನ ಹೆಂಡತಿ ಒತ್ತಾಯ ಮಾಡಿದರೆ, ಅಜೀರ್ಣ ಎನ್ನುವಳು, ಇವತ್ತು ಒಪ್ಪತ್ತು ಎನ್ನುವಳು, ಬೆಳಿಗ್ಗೆ ಚುರುಮುರಿ ತಿಂದೆ ಎನ್ನುವಳು. ರೊಟ್ಟಿ ಬಡಿಯುವುದರಲ್ಲಿ ಮಾತ್ರ ಒಂದೂ ಕಡಿಮೆ ಮಾಡಲಿಲ್ಲ.

ಎರಡು ತಿಂಗಳಲ್ಲಿ ಅವಳ ಕುಪ್ಪಸ ಸಡಿಲಾಯಿತು. ಕೈಯ ಎಲುಬು ಎದ್ದು ಕಂಡಿತು. ಒಂದು ದಿನ ಒಲೆಯ ಮುಂದಿನಿಂದ ಏಳುವಾಗ ತಲೆಸುತ್ತಿ ಗೋಡೆ ಹಿಡಿದು ನಿಂತಳು.

“ಅಕ್ಕಾರು ಭಾಳ ಸೊರಗ್ಯಾರ್ರೀ,” ಎಂದಳು ಹೆಂಡತಿ.

ಅಕ್ಕ ಸತ್ತುಹೋದರೆ ಎಂಬ ಭಯ ವರ್ತಕನನ್ನು ಮೊದಲ ಸಲ ಹಿಡಿಯಿತು. ಅವನಿಗೆ ನೆನಪಿರುವ ತಾಯಿ ಅವಳೇ ಅಲ್ಲವೇ. ವೈದ್ಯರ ಮನೆಗೆ ಓಡಿದ. ಕಷಾಯ ತಂದ, ಲೇಹ್ಯ ತಂದ, ತುಪ್ಪ ತಂದ, ಒಳ್ಳೆಯ ಬೆಲ್ಲ ತಂದ. ಖರ್ಚು ಎಷ್ಟೆಂದು ಆಗ ನೋಡಲಿಲ್ಲ, ಅದನ್ನೂ ಹೇಳಿಬಿಡಬೇಕು. ಬಾಳವ್ವ ತಮ್ಮನ ಮನಸ್ಸಿಗೆ ನೋವಾಗಬಾರದೆಂದು ಕಷಾಯ ಕುಡಿದಳು. ತುಪ್ಪವನ್ನು ಅವನ ಮಗನಿಗೆ ಬಡಿಸಿದಳು. ರೊಟ್ಟಿ ಒಂದೇ ಉಂಡಳು.

ಮುಂದೆ ಒಂದು ತಿಂಗಳಾದ ಮೇಲೆ ಅವಳು ತುಸು ತುಸು ಚೇತರಿಸಿಕೊಂಡಳು. ಕೆನ್ನೆ ತುಂಬಿತು, ನಡಿಗೆಯಲ್ಲಿ ಕಸುವು ಬಂತು, ರೊಟ್ಟಿ ಬಡಿಯುತ್ತ ಹಾಡು ಹೇಳಿಕೊಳ್ಳತೊಡಗಿದಳು. ಕಷಾಯ ಕೆಲಸ ಮಾಡಿತು ಎಂದು ವರ್ತಕ ವೈದ್ಯರಿಗೆ ಒಂದು ಧೋತರ ಕೊಟ್ಟ. ಆದರೆ ಎಣಿಸುವ ಚಟ ಸುಮ್ಮನೆ ಬಿಡುತ್ತದೆಯೇ? ಒಂದು ದಿನ ಹೆಂಡತಿಯನ್ನು ಕೇಳಿದ. ಅಕ್ಕ ಈಗಲೂ ಒಂದೇ ರೊಟ್ಟಿ ಉಣ್ಣುವುದು ಎಂದಳು ಅವಳು. ಅವನಿಗೆ ಲೆಕ್ಕ ತಾಳೆಯಾಗಲಿಲ್ಲ. ಒಳಗೆ ಹೋಗುವುದು ಒಂದು ರೊಟ್ಟಿ, ಹೊರಗೆ ಕಾಣುವುದು ನಾಲ್ಕು ರೊಟ್ಟಿಯ ಕಳೆ. ಇದು ಹೇಗೆ?

“ಮಧ್ಯಾಹ್ನ ಎಲ್ಲಿರತಾಳ ಅಕ್ಕ?” ಎಂದು ಕೇಳಿದ.

“ನಿಮಗ ಬಡಿಸಿ, ಗುಡಿಗೆ ಹೋಗತೀನಂತ ಹೋಗತಾರ. ಇಳಿಹೊತ್ತಿಗೆ ಬರತಾರ. ಯಾಕ?”

ಮಾರನೆಯ ದಿನ ನಿಂಬವ್ವನ ಖಾನಾವಳಿಯಿಂದ ಖಾರದ ಪುಡಿಗೆ ಹೇಳಿಕಳಿಸಿದ್ದರು. ಅಂಗಡಿಯ ಆಳು ಬಂದಿರಲಿಲ್ಲ. ವರ್ತಕ ತಾನೇ ಡಬ್ಬಿ ಎತ್ತಿಕೊಂಡು ಹೋದ. ಮುಂದೆ ಗಿರಾಕಿಗಳ ಗದ್ದಲವೆಂದು ಹಿತ್ತಲ ಬಾಗಿಲಿಗೆ ಸುತ್ತಿ ಬಂದ.

ಹಿತ್ತಲ ಕೋಣೆಯಲ್ಲಿ ಒಲೆಯ ಪಕ್ಕದಲ್ಲಿ ಬಾಳವ್ವ ಉಣ್ಣುತ್ತ ಕೂತಿದ್ದಳು. ಮೊಣಕೈವರೆಗೆ ಜೋಳದ ಹಿಟ್ಟು. ಗಂಗಾಳದಲ್ಲಿ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೇಲೆ ಮೊಸರು. ರೊಟ್ಟಿ ಮುರಿಯುತ್ತಿದ್ದಳು, ಅದ್ದುತ್ತಿದ್ದಳು, ಉಣ್ಣುತ್ತಿದ್ದಳು. ಅವಸರವಿಲ್ಲ, ಅಂಜಿಕೆಯಿಲ್ಲ. ಮನೆಯಲ್ಲಿ ಅಕ್ಕ ಹೀಗೆ ಉಂಡದ್ದನ್ನು ನೋಡಿ ಎಷ್ಟು ದಿನವಾಯಿತು ಎಂದು ವರ್ತಕ ಯೋಚಿಸಿದ. ನೆನಪಾಗಲಿಲ್ಲ.

ನಿಂಬವ್ವ ಅವನನ್ನು ನೋಡಿ ಸೆರಗು ಸರಿಪಡಿಸಿಕೊಂಡಳು. “ಬರ್ರಿ ಸಾವ್ಕಾರ್ರ. ನಿಮ್ಮ ಅಕ್ಕಾರು ರೊಟ್ಟಿ ಬಡ್ಯಾಕ ಹತ್ತಿದ ಮ್ಯಾಲೆ ನಮ್ಮಲ್ಲಿ ಪಂಕ್ತಿ ಎರಡ ಇದ್ದದ್ದು ಮೂರ ಆಗ್ಯಾವ ನೋಡ್ರಿ.”

ವರ್ತಕ ಡಬ್ಬಿ ಕೆಳಗಿಟ್ಟ. “ಅಕಿಗೆ ನೀ ಏನ ಕೊಡತಿ?” ಎಂದ.

“ರೊಕ್ಕಾ ಬ್ಯಾಡ ಅಂತಾರ್ರೀ. ಒಂದ ಹೊತ್ತು ಹೊಟ್ಟಿ ತುಂಬ ಉಂಡ ಹೋಗತಾರ ಅಷ್ಟ.”

“ಎಷ್ಟ ಉಣ್ಣತಾಳ?”

ಕಾಳಜಿಯಿಂದಲೇ ಕೇಳಿದ, ಪಾಪ. ಆದರೆ ಅವನಿಗೆ ಕಾಳಜಿ ಮಾಡಲೂ ಬೇರೆ ಮಾತು ಬರುತ್ತಿರಲಿಲ್ಲ.

“ಅಯ್ಯ!” ಎಂದು ನಿಂಬವ್ವ ಗಲ್ಲದ ಮೇಲೆ ಬೆರಳಿಟ್ಟಳು. “ಉಣ್ಣಾರದ್ದು ಯಾರರ ಎಣಸತಾರೇನ್ರೀ?”

ನಿಂಬವ್ವ ಏನೋ ತಪ್ಪಾಯಿತೆಂದು ತಿಳಿದು, ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ವರ್ತಕ ಅಕ್ಕನ ಎದುರಿಗೆ ನೆಲದ ಮೇಲೆ ಕುಸಿದು ಕೂತ.

“ಅಕ್ಕಾ, ಮನ್ಯಾಗ ನಿನಗ ಏನ ಕಡಿಮಿ ಆಗಿತ್ತು?”

“ಏನೂ ಕಡಿಮಿ ಆಗಿಲ್ಲೋ ತಮ್ಮಾ. ನೀ ಏನೂ ಕಡಿಮಿ ಮಾಡಿಲ್ಲ,” ಎಂದಳು ಬಾಳವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಆದ್ರ ಅಲ್ಲಿ ರೊಟ್ಟಿ ಮುರಿಯೂ ಮುಂದ, ಇದು ಎಷ್ಟನೇದು ಅಂತ ನೆನಪಾಗತೈತಿ. ಇಲ್ಲಿ ಆಗಂಗಿಲ್ಲ.”

ವರ್ತಕ ಅತ್ತ. ಪೇಟೆಯಲ್ಲಿ ಹತ್ತು ಜನರ ಮುಂದೆ ಮೀಸೆ ತಿರುವುವ ಮನುಷ್ಯ, ಖಾನಾವಳಿಯ ಹಿತ್ತಲಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ. ತಪ್ಪಾಯಿತು ಅ‌ಕ್ಕಾ, ಮನೆಗೆ ನಡೆ ಎಂದ. ಅವಳು ಹಿಟ್ಟಿನ ಕೈಯಿಂದಲೇ ಅವನ ತಲೆ ಸವರಿ, ಆಯಿತು ಏಳು, ಹುಚ್ಚಪ್ಪಾ ಎಂದಳು. ಉಂಡ ಗಂಗಾಳ ತೊಳೆದಿಟ್ಟು ಅವನ ಹಿಂದೆ ಬಂದಳು. ಹಟ ಮಾಡುವ ಹೆಂಗಸಲ್ಲ ಅವಳು.

ಮನೆಗೆ ಬಂದವನೇ ವರ್ತಕ ಅಟ್ಟದ ಮೇಲಿನ ವಹಿ ತೆಗೆದು ಒಲೆಗೆ ಹಾಕಿದ. ಸಂಜೆಯ ಊಟಕ್ಕೆ ಎಲ್ಲರೂ ಕೂಡಿಯೇ ಉಣ್ಣೋಣ ಎಂದ. ಅಕ್ಕನನ್ನು ತನ್ನ ಪಕ್ಕದಲ್ಲಿ ಕೂಡಿಸಿಕೊಂಡ. ಯಾರೂ ಅವಳ ಗಂಗಾಳದ ಕಡೆ ನೋಡಬಾರದೆಂದು ಹೆಂಡತಿಗೂ ಮಗನಿಗೂ ಮೊದಲೇ ಹೇಳಿದ್ದ. ಹೆಂಡತಿ ಸಾರಿನ ಗಡಿಗೆ ನೋಡಿದಳು. ಮಗ ತೊಲೆ ನೋಡಿದ. ವರ್ತಕ ಗೋಡೆ ನೋಡಿದ. ಬಾಳವ್ವ ಒಂದು ರೊಟ್ಟಿ ಉಂಡಳು. ಎರಡನೆಯದಕ್ಕೆ ಕೈ ಚಾಚಿ, ಸುತ್ತ ಒಮ್ಮೆ ನೋಡಿದಳು. ಮೂರು ಜನ ಉಸಿರು ಬಿಗಿಹಿಡಿದು, ಮೂರು ಕಡೆ ಮುಖ ಮಾಡಿ ಕೂತಿದ್ದರು. ಹಾಗೆ ನೋಡದೇ ಕೂತದ್ದೂ ಅವಳಿಗೆ ಎಣಿಸಿದಂತೆಯೇ ಕಂಡಿತು. ಕೈ ಹಿಂದಕ್ಕೆ ತೆಗೆದುಕೊಂಡಳು.

“ಸಾಕಪಾ,” ಎಂದಳು.

“ಅಕ್ಕಾ, ನನ್ನ ಆಣೆ ಐತಿ, ಇನ್ನೊಂದ ಹಾಕ್ಕೋ.”

“ಆಣಿ ಗೀಣಿ ಮಾಡಬ್ಯಾಡೋ ತಮ್ಮಾ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ನಾ ಮರತೀನಿ. ಆದ್ರ ಈ ಹೊಟ್ಟಿ ಮರೀವಲ್ದು, ಏನ ಮಾಡ್ಲಿ?”

ಮಾರನೆಯ ದಿನ ಮಧ್ಯಾಹ್ನ ಅವಳು ಮತ್ತೆ ಖಾನಾವಳಿಗೆ ಹೋದಳು. ಈ ಸಲ ಗುಡಿಗೆ ಎಂದು ಸುಳ್ಳು ಹೇಳಲಿಲ್ಲ. ವರ್ತಕ ತಡೆಯಲಿಲ್ಲ. ಅವಳು ಬದುಕಿದ್ದಷ್ಟು ವರ್ಷ ಹಾಗೇ ನಡೆಯಿತು. ರಾತ್ರಿ ಮಲಗುವುದು ತಮ್ಮನ ಮನೆಯಲ್ಲಿ, ಹೊಟ್ಟೆ ತುಂಬ ಉಣ್ಣುವುದು ನಿಂಬವ್ವನ ಹಿತ್ತಲಿನಲ್ಲಿ. ಸಾವುಕಾರನ ಅಕ್ಕ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ ಎಂದು ಊರು ಆಡಿಕೊಂಡಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅವನು ತಲೆ ತಗ್ಗಿಸಿಕೊಂಡು ಪೇಟೆಯಲ್ಲಿ ಓಡಾಡಿದ. ದಿನಾ ಊಟಕ್ಕೆ ಕೂತಾಗ ಮೊದಲ ರೊಟ್ಟಿ ಮುರಿಯುವ ಮುಂಚೆ ಅವನು ಅಕ್ಕ ಕೂಡುತ್ತಿದ್ದ ಜಾಗ ನೋಡುತ್ತಿದ್ದನಂತೆ. ಅದನ್ನು ಅವನೇ ಮುಪ್ಪಿನಲ್ಲಿ ಈ ಮಠಕ್ಕೆ ಬಂದಾಗ ಹೇಳಿದ.

ಅಜ್ಜನವರು ಕತೆ ನಿಲ್ಲಿಸಿದರು.

ಮುರಿಗೆಪ್ಪನಿಗೆ ವರ್ತಕನ ಮೇಲೆ ಕನಿಕರ ಬಂದಿತ್ತು, ಬಾಳವ್ವನನ್ನು ನೆನೆದು ಕಣ್ಣು ತುಂಬಿತ್ತು. ಆದರೆ ತಾನು ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂಬ ಒಂದು ತೊಡಕು ಮನಸ್ಸಿನಲ್ಲಿ ಉಳಿದಿತ್ತು. ಉಗ್ರಾಣದವನಲ್ಲವೇ, ಕೇಳಿಯೇಬಿಟ್ಟ.

“ಅಜ್ಜನವರೇ, ಕತೆ ತಿಳಿಯಿತು. ಆದರೂ ಒಂದು ಮಾತು. ಆ ಎಂಟು ದಿನದ ಲೆಕ್ಕದಲ್ಲಿ ನಿಜವಾಗಿ ಅಗ್ಗವಾದದ್ದು ಯಾವುದು? ಮನೆಯೋ, ಖಾನಾವಳಿಯೋ?”

ಅಜ್ಜನವರು ಎದ್ದು ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡರು.

“ಎರಡೂ ಅಲ್ಲ ಮಗನೇ, ಅಗ್ಗವಾದವಳು ಅಕ್ಕ.”